ಗಾಳಿ ಕಾಣಿಸುವ ಉಣ್ಣೆ

೯ ಫೆಬ್ರವರಿ ೧೯೫೩

ಮಾವನಿಗೆ ನಮಸ್ಕಾರ.

ಈ ಸಲ ಯೋಗಕ್ಷೇಮಕ್ಕಿಂತ ಮೊದಲು ವ್ಯಾಪಾರ. ನಿನ್ನ ನೂಲಂಗಡಿಯ ಒಳಬೀರುವಿನಲ್ಲಿ ಎಳೆಮಕ್ಕಳ ಟೋಪಿ ಹೆಣೆಯುವ ಉಣ್ಣೆ ಇರುತ್ತಿತ್ತಲ್ಲ, ಕೆನ್ನೆಗೆ ತಾಗಿಸಿದರೆ ತಾಗಿದ್ದೇ ಗೊತ್ತಾಗದಂಥದ್ದು, ಅದರಲ್ಲಿ ಅಚ್ಚ ಬಿಳಿ ಲಡಿ ಎರಡು ಬೇಕು. ನನಗಲ್ಲ, ವಿಮಾನಕ್ಕೆ.

ನಗಬೇಡ, ಹೇಳುತ್ತೇನೆ. ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಗಾಳಿ ಸುರಂಗವಿದೆ. ಮರದ ಹಲಗೆ ಜೋಡಿಸಿ ಕಟ್ಟಿದ ದೊಡ್ಡ ಕೊಳವೆ. ಒಳಗೆ ತಲೆ ಬಗ್ಗಿಸದೆ ನಡೆಯಬಹುದು. ತುದಿಯಲ್ಲಿ ಪಂಖ, ನಡುವೆ ವಿಮಾನದ ಮಾದರಿ. ವಿಮಾನ ಗಾಳಿಯಲ್ಲಿ ಹೋಗುವ ಬದಲು ಇಲ್ಲಿ ಗಾಳಿಯೇ ವಿಮಾನದ ಮೇಲೆ ಹೋಗುತ್ತದೆ. ಗಾಳಿ ಕಣ್ಣಿಗೆ ಬೀಳುವಂಥದ್ದಲ್ಲ, ಅದಕ್ಕೆ ಕಪ್ಪು ಬಳಿದ ರೆಕ್ಕೆಯ ತುಂಬ ಬೆರಳುದ್ದದ ಬಿಳಿ ಎಳೆಗಳನ್ನು ಅಂಟಿಸುತ್ತೇವೆ. ಗಾಳಿ ರೆಕ್ಕೆಯನ್ನು ತಬ್ಬಿಕೊಂಡು ಹರಿದರೆ ಎಳೆಗಳು ಬಾಚಿದ ಕೂದಲಿನ ಹಾಗೆ ಮಲಗುತ್ತವೆ. ಗಾಳಿ ಮುನಿಸಿಕೊಂಡು ರೆಕ್ಕೆ ಬಿಟ್ಟು ಎದ್ದರೆ ಅಲ್ಲಿನ ಎಳೆಗಳು ಹುಚ್ಚೆದ್ದು ನಡುಗುತ್ತವೆ. ಫೋಟೋದಲ್ಲಿ ಅಂಥವು ಹೊಗೆಯ ಹಾಗೆ ಮಸುಕಾಗಿ ಅಳಿಸಿಹೋಗುತ್ತವೆ. ಎಲ್ಲಿ ಗಾಳಿ ಮಲಗಿದೆ, ಎಲ್ಲಿ ಎದ್ದಿದೆ ಎಂದು ಫೋಟೋ ನೋಡಿ ಓದುವುದು ಮಹಡಿಯ ಮೇಲೆ ಕೂತ ನನ್ನ ಕೆಲಸ.

ಈಗ ಮಾಡುತ್ತಿರುವುದು ಮೂತಿಯಲ್ಲಿ ಪಂಖವಿಲ್ಲದ ವಿಮಾನ, ಜೆಟ್. ಎಂಜಿನ್ ಗಾಳಿ ಕುಡಿಯುವ ಬಾಯಿ ಇರುವುದು ರೆಕ್ಕೆ ಬಂದು ಮೈಗೆ ಸೇರುವ ಮೂಲೆಯಲ್ಲಿ. ನಾವದನ್ನು ಕಂಕುಳು ಎನ್ನುತ್ತೇವೆ. ಕಂಕುಳಲ್ಲಿ ಗಾಳಿ ಎದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಆ ಮೂಲೆಗೆ ಒಂದು ಬಾಗು ಕೊಟ್ಟಿದ್ದೇನೆ ಮಾವ. ಗೆರೆ ನನ್ನದು. ಜೂನ್ ಒಳಗೆ ಅದು ಗೆದ್ದರೆ ಗೆದ್ದಿತು. ಇಲ್ಲವಾದರೆ ದೊಡ್ಡೋರು, ನಮ್ಮ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದೇ ಹಾಗೆ, ಪಕ್ಕದ ಕೋಣೆಯವರ ಬಾಗನ್ನು ಎತ್ತಿಕೊಳ್ಳುತ್ತಾರೆ.

ಇಲ್ಲಿ ಸಿಗುವ ಉಣ್ಣೆ ಹಗ್ಗದ ತಮ್ಮ. ಬಿರುಗಾಳಿಗೂ ಜಗ್ಗುವುದಿಲ್ಲ.

ನಿನ್ನ
ಗಿರಿಗಿಟ್ಲೆ


೨೦ ಫೆಬ್ರವರಿ ೧೯೫೩

ಗಿರಿಗಿಟ್ಲೆಗೆ ಮಾವನ ಆಶೀರ್ವಾದ.

ಎರಡು ಲಡಿ ಕೇಳಿದ್ದೆ, ಮೂರು ಕಳಿಸಿದ್ದೇನೆ. ಮೂರನೆಯದು ವಿಮಾನಕ್ಕೆ ಶೀತವಾಗದಿರಲಿ ಅಂತ. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಗುಂಡಿ ಮಾರಿ ಅಂಗಡಿ ಕಟ್ಟಿದವನು ನಾನು. ಟೋಪಿಗೆ ಕೊಟ್ಟಿದ್ದೇನೆ, ಕಾಲುಚೀಲಕ್ಕೆ ಕೊಟ್ಟಿದ್ದೇನೆ, ಗಾಳಿಗೆ ಕೊಟ್ಟದ್ದು ಇದೇ ಮೊದಲು. ಗಿರಾಕಿ ಒಳ್ಳೆಯವನು. ಬಣ್ಣ ಬಿಟ್ಟಿತು, ಅಳತೆ ಸಾಲಲಿಲ್ಲ ಎಂದು ಬೆಳಿಗ್ಗೆ ಬೆಳಿಗ್ಗೆ ವಾಪಸು ತಂದು ಕದ ತಟ್ಟುವವನಲ್ಲ.

ನಿನ್ನ ಪತ್ರವನ್ನು ಎದುರು ಸಾಲಿನ ದರ್ಜಿಯ ಕೈಗೆ ಕೊಟ್ಟು, ಗಟ್ಟಿಯಾಗಿ ಓದಯ್ಯ, ನಾಲ್ಕು ಜನ ಕೇಳಲಿ ಅಂದೆ. ಎಲ್ಲ ಓದಿ ಕನ್ನಡಕ ಹಣೆಗೇರಿಸಿ ಅವನು ಹೇಳಿದ್ದು ಇಷ್ಟು: "ಕಂಕುಳಾ? ನನ್ನ ಆಯಸ್ಸೆಲ್ಲ ಅಲ್ಲೇ ಕಳೀತು. ಎದೆ ಸರಿಹೋಗುತ್ತೆ, ಸೊಂಟ ಸರಿಹೋಗುತ್ತೆ, ಕಂಕುಳು ಮಾತ್ರ ಹಿಡಿಯುತ್ತೆ. ನಿನ್ನ ಅಕ್ಕನ ಮಗಳಿಗೆ ಹೇಳು, ಒಳಗಡೆ ಸ್ವಲ್ಪ ಬಟ್ಟೆ ಬಿಟ್ಟಿರಲಿ, ಬೇಕಾದಾಗ ಬಿಚ್ಚಿಕೊಳ್ಳಬಹುದು." ವಿಮಾನಕ್ಕೆ ಬಟ್ಟೆ ಇಲ್ಲ ಅಂದೆ. "ಹಾಗಾದ್ರೆ ಕಷ್ಟ" ಅಂದ.

ಇಲ್ಲಿ ಎಲ್ಲ ಕ್ಷೇಮ. ಈಚೆಗೆ ಸಂಜೆಯ ಬೀದಿ ಬಹಳ ಚೆನ್ನಾಗಿ ಕಾಣುತ್ತದೆ. ದೀಪ ಹತ್ತಿದರೆ ಒಂದೊಂದರ ಸುತ್ತಲೂ ಒಂದೊಂದು ಉಂಗುರ, ಕೊಳಕ್ಕೆ ಕಲ್ಲು ಹಾಕಿದ ಹಾಗೆ. ಸೈಕಲ್ ಬಂದರೆ ಚಂದ್ರ ಉರುಳಿ ಬಂದ ಹಾಗೆ ಬರುತ್ತದೆ. ಇದನ್ನು ಡಾಕ್ಟರಿಗೆ ಹೇಳು ಎನ್ನುತ್ತಾನೆ ದರ್ಜಿ. ಚಂದವಾಗಿರುವುದನ್ನೆಲ್ಲ ಡಾಕ್ಟರಿಗೆ ಹೇಳುತ್ತ ಕೂತರೆ ಅಂಗಡಿ ನೋಡುವವರು ಯಾರು?

ನಿನ್ನ ಮಾವ


೬ ಮಾರ್ಚ್ ೧೯೫೩

ಪ್ರೀತಿಯ ಮಾವ,

ಉಣ್ಣೆ ಬಂತು. ಅಂಟಣ್ಣ ಎಂದು ನಾವು ಕರೆಯುವ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ, ಎಳೆ ಅಂಟಿಸುವುದು ಅವರೇ. ಲಡಿಯನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಸವರಿದರು. "ಇದನ್ನ ಕತ್ತರಿಸೋಕೆ ಮನಸ್ಸು ಬರಲ್ವಲ್ಲಮ್ಮ" ಅಂದರು. ಆಮೇಲೆ ಕತ್ತರಿಸಿದರು.

ಪಂಖ ತಿರುಗಿದಾಗ ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದೆ. ಮೊದಲು ಒಂದು ಎಳೆ ತಲೆ ಎತ್ತಿತು. ನಿದ್ದೆಯಲ್ಲಿ ಯಾರೋ ಹೆಸರು ಕರೆದ ಹಾಗೆ ಪಕ್ಕದ್ದೂ ಎದ್ದಿತು. ಆಮೇಲೆ ಎಲ್ಲವೂ ಒಟ್ಟಿಗೆ ಹೊರಳಿ, ಹೊಳೆಯ ತಳದ ಹುಲ್ಲಿನ ಹಾಗೆ ಒಂದೇ ಕಡೆ ಬಾಗಿದವು. ಶಬ್ದ ಎಷ್ಟಿತ್ತೆಂದರೆ ಪಕ್ಕದವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆದರೂ ನನಗೆ ಎಲ್ಲವೂ ನಿಶ್ಶಬ್ದವಾಗಿ ನಡೆದಂತೆ ನೆನಪು. ಗಾಳಿಗೆ ಮೈ ಇದೆ ಮಾವ. ಅದು ನಿನ್ನ ಉಣ್ಣೆ ಉಟ್ಟುಕೊಂಡು ಬಂದಾಗ ಗೊತ್ತಾಯಿತು.

ಇದು ಚಿಕ್ಕ ಮಾದರಿ. ನನ್ನ ಬಾಗು ಕೂರುವ ದೊಡ್ಡ ಮಾದರಿ ಏಪ್ರಿಲಿನಲ್ಲಿ ಬರುತ್ತದೆ. ಅದಕ್ಕೆ ಇನ್ನೂ ಒಂದಷ್ಟು ಬಿಳಿ ಬೇಕು.

ನಿನ್ನ ಪತ್ರ ನೋಡಿ ನಕ್ಕೆ. ದೀಪಕ್ಕೆ ಉಂಗುರ, ಸೈಕಲ್ಲಿಗೆ ಚಂದ್ರ! ವಯಸ್ಸಾಗುತ್ತ ನೀನು ಕವಿ ಆಗುತ್ತಿದ್ದೀಯ. ಬರವಣಿಗೆಯ ಸಾಲುಗಳೂ ಕಾಗದದ ಬಲಕ್ಕೆ ಹೋಗುತ್ತ ಮೇಲೇರಿವೆ. ಖುಷಿಯಲ್ಲಿರುವವರ ಸಾಲು ಹಾಗೆ ಏರುತ್ತದಂತೆ, ನನ್ನ ಜೊತೆಯವಳು ಹೇಳಿದಳು.

ಗಿರಿಗಿಟ್ಲೆ


೩೦ ಮಾರ್ಚ್ ೧೯೫೩

ಗಿರಿಗಿಟ್ಲೆಗೆ ಆಶೀರ್ವಾದ.

ಖುಷಿ ಹೌದೋ ಅಲ್ಲವೋ, ಸಾಲು ಏರಿದರೆ ಒಳ್ಳೆಯದೇ. ವ್ಯಾಪಾರದಲ್ಲಿ ಇಳಿಯುವುದು ಬೇಡ.

ಉಣ್ಣೆ ಕಳಿಸಿದ್ದೇನೆ. ಬೀರುವಿನ ತಳದವರೆಗೂ ಕೈ ಹಾಕಿ ಒಂದೊಂದೇ ಲಡಿ ಮೂಗಿನ ಹತ್ತಿರ ತಂದು ಆರಿಸಿದ್ದೇನೆ. ಅಚ್ಚ ಬಿಳಿ, ಹಾಲು. ಬಿಳಿಯಲ್ಲಿ ಎಷ್ಟು ಬಗೆ ಎಂದು ನಿನಗೆ ಗೊತ್ತಲ್ಲ: ಸುಣ್ಣದ ಬಿಳಿ, ಮೊಸರಿನ ಬಿಳಿ, ಹಲ್ಲಿನ ಬಿಳಿ, ಚಿಪ್ಪಿನ ಬಿಳಿ. ಚಿಕ್ಕವಳಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಕಪ್ಪು ಯಾರು ಬೇಕಾದರೂ ಮಾರುತ್ತಾರೆ. ಬಿಳಿ ಮಾರುವವನೇ ನೂಲಿನವನು.

ಮೊನ್ನೆ ಒಬ್ಬಾಕೆ ಬಂದು, "ಏನಣ್ಣ, ಬಿಳಿ ಕೇಳಿದ್ರೆ ಬೇರೇನೋ ಕಟ್ಟಿಕೊಟ್ಟಿದೀರಿ" ಅಂತ ಜಗಳ ತೆಗೆದಳು. ಅಂಗಡಿ ಕಟ್ಟಿ ಮೇಲೆ ಬಂದವನಿಗೆ ಸೋಲುವ ಅಭ್ಯಾಸವಿರುವುದಿಲ್ಲ, ನಾನೂ ಏರಿದೆ. "ಅಮ್ಮ, ಮನೆಯ ದೀಪದಲ್ಲಿ ನೋಡಿದ್ರೆ ಹಾಗೇ, ಬಿಸಿಲಿಗೆ ಹಿಡಿದು ನೋಡಿ." "ಹಿಡಿದೇ ಬಂದಿದೀನಿ" ಅಂದಳು. ದರ್ಜಿ ಓಡಿಬಂದು ತಾನೇ ಬೇರೆ ಲಡಿ ಎತ್ತಿಕೊಟ್ಟು ಕಳಿಸಿದ. ನನ್ನ ಅಂಗಡಿಯಲ್ಲಿ ಅವನ ಯಜಮಾನಿಕೆ. ಎರಡು ದಿನ ಮಾತು ಬಿಟ್ಟಿದ್ದೆ, ಚಹಾ ತರಿಸಿ ರಾಜಿ ಮಾಡಿಕೊಂಡ.

ಈ ವರ್ಷ ಬೆಳಗಿನ ಮಂಜು ಹತ್ತು ಗಂಟೆಯಾದರೂ ಏಳುವುದಿಲ್ಲ. ಅಂಗಡಿಯೊಳಗೂ ಬಂದು ಕೂರುತ್ತದೆ. ಗಿರಾಕಿಗಳು ಅದರೊಳಗಿಂದ ಮೆಲ್ಲಗೆ ಮೂಡಿ ಬರುತ್ತಾರೆ. ಹತ್ತಿರ ಬಂದು ದನಿ ತೆಗೆದ ಮೇಲೆ ಯಾರೆಂದು ತಿಳಿಯುತ್ತದೆ. ಒಂಥರಾ ಚೆನ್ನಾಗಿದೆ. ಸಾಲ ಕೇಳುವವರೂ ಹೂವಿನ ಹಾಗೆ ಬರುತ್ತಾರೆ.

ಬಾಗು ಗೆಲ್ಲಲಿ. ಅದು ಮುಗಿಯುವ ತನಕ ನಿನ್ನ ಗಮನ ಬೇರೆಲ್ಲೂ ಬೇಡ.

ಮಾವ


೨೧ ಏಪ್ರಿಲ್ ೧೯೫೩

ಮಾವ,

ಉಣ್ಣೆ ತಲುಪಿತು, ಕಟ್ಟು ಬಿಚ್ಚದೆ ಅಂಟಣ್ಣನ ಕೈಗೆ ಕೊಟ್ಟೆ. ದೊಡ್ಡ ಮಾದರಿ ಸುರಂಗಕ್ಕೆ ಹೋಗಿದೆ. ಕೆಲಸ ನಡೆಯುತ್ತಿದೆ. ಮಂಜಿನಲ್ಲಿ ಹೊರಗೆ ಬರಿಗಾಲಲ್ಲಿ ನಿಲ್ಲಬೇಡ.

ಗಿರಿಗಿಟ್ಲೆ


೨ ಮೇ ೧೯೫೩

ಗಿರಿಗಿಟ್ಲೆಗೆ ಆಶೀರ್ವಾದ.

ಪತ್ರ ಇಷ್ಟು ಚಿಕ್ಕದಾದರೆ ಎರಡೇ ಅರ್ಥ: ವ್ಯಾಪಾರ ಜೋರಾಗಿದೆ, ಇಲ್ಲವೇ ಯಾರೋ ಮನಸ್ಸಿಗೆ ಬಂದಿದ್ದಾರೆ. ಎರಡೂ ಲಾಭದ ಬಾಬ್ತು, ಹಾಗಾಗಿ ಕೆದಕುವುದಿಲ್ಲ. ದರ್ಜಿ ಎರಡನೆಯದೇ ಎನ್ನುತ್ತಾನೆ. ಅಳತೆ ತೆಗೆದುಕೊಳ್ಳಲು ಅವನಿಗೆ ಅವಸರ.

ರಜಕ್ಕೆ ಬರುತ್ತೇನೆ ಎಂದು ನೀನು ಮೊದಲೇ ಹೇಳಿದ್ದೆ, ಬೇಡ. ಅಂಗಡಿಗೆ ಸುಣ್ಣ ಬಳಿಸುತ್ತಿದ್ದೇನೆ, ಮನೆಯೆಲ್ಲ ಡಬ್ಬ. ನಾನೇ ಮೊನ್ನೆ ಮೆಟ್ಟಿಲ ಬಳಿ ಡಬ್ಬ ಎಡವಿ ಮಂಡಿ ತರಚಿಕೊಂಡೆ. ಈ ಮೆಟ್ಟಿಲು ಯಾವಾಗಲೂ ಇಲ್ಲೇ ಇತ್ತೇ ಎಂದು ದರ್ಜಿಯನ್ನು ಕೇಳಿದೆ. ಅವನು ನಗಲಿಲ್ಲ. ನಗಬೇಕಿತ್ತು, ಮಾತು ಚೆನ್ನಾಗೇ ಇತ್ತು.

ಮಾವ


೧೭ ಮೇ ೧೯೫೩

ಪ್ರೀತಿಯ ಮಾವ,

ಎರಡರಲ್ಲಿ ಯಾವುದೂ ಅಲ್ಲ. ಬಾಗು ಸೋತಿದೆ.

ಹೋದ ತಿಂಗಳೇ ಗೊತ್ತಿತ್ತು, ಬರೆಯಲು ಕೈ ಬರಲಿಲ್ಲ. ರೆಕ್ಕೆಯ ತುದಿಯಿಂದ ನಡುವಿನವರೆಗೂ ಎಳೆಗಳು ಚೆಂದವಾಗಿ ಮಲಗಿವೆ. ಕಂಕುಳಿಗೆ ಬಂದರೆ ಏನೂ ಇಲ್ಲ. ಹಳೆಯ ಬಾಗಿನಲ್ಲಿ ಅಲ್ಲಿ ಹೊಗೆಯಾದರೂ ಕಾಣುತ್ತಿತ್ತು. ನನ್ನದರಲ್ಲಿ ಬರಿ ಕಪ್ಪು. ಹೊಗೆಯೂ ಉಳಿಯದಷ್ಟು ನಡುಕ ಎಂದು ನಾನೇ ಓದಿದೆ, ನಾನೇ ಬರೆದುಕೊಟ್ಟೆ. ಮತ್ತೆ ಮತ್ತೆ ತೆಗೆಸಿದರೂ ಅದೇ. ದಿನವಿಡೀ ಆ ಕಪ್ಪನ್ನೇ ನೋಡುತ್ತಿದ್ದರೆ ಅದರೊಳಗೆ ಏನೋ ಅಲುಗಿದ ಹಾಗೆ ಆಗುತ್ತದೆ. ಕಣ್ಣು ಮುಚ್ಚಿದರೂ ಅಲುಗುತ್ತದೆ.

ದೊಡ್ಡೋರು ಬೈಯಲಿಲ್ಲ. "ಬೇಜಾರು ಮಾಡ್ಕೋಬೇಡಮ್ಮ, ಗಾಳಿ ನಮ್ಮಪ್ಪನ ಮಾತೂ ಕೇಳಲ್ಲ. ಬರುವ ವಾರ ಪಕ್ಕದವರದ್ದು ಕೂರಿಸೋಣ" ಅಂದರು. ನನ್ನ ಹುದ್ದೆ ಆ ಬಾಗಿನ ಲೆಕ್ಕದಲ್ಲೇ ಬಂದದ್ದು. ಇದನ್ನು ನಿನಗೆ ಮೊದಲು ಹೇಳಿರಲಿಲ್ಲ. ಜೂನ್ ಆದ ಮೇಲೆ ನಿನ್ನ ಅಂಗಡಿಯಲ್ಲಿ ಗುಂಡಿ ಪೋಣಿಸುವ ಕೆಲಸ ಖಾಲಿಯಿದ್ದರೆ ತಿಳಿಸು.

ನಾಳೆ ಮಾದರಿಯನ್ನು ಬಿಚ್ಚುವ ಮೊದಲು ಒಮ್ಮೆ ಕೆಳಗಿಳಿದು ಅದರ ಬೆನ್ನು ಸವರಿ ಬರುತ್ತೇನೆ.

ಗಿರಿಗಿಟ್ಲೆ


೧೯ ಮೇ ೧೯೫೩

ಮಾವ,

ಮೊನ್ನೆಯ ಪತ್ರ ಇನ್ನೂ ದಾರಿಯಲ್ಲಿರಬಹುದು. ಅದರ ಹಿಂದೆಯೇ ಇದು.

ನಿನ್ನೆ ಸುರಂಗದೊಳಗೆ ಹೋದೆ. ದೀಪ ಹಾಕಿದರೆ ರೆಕ್ಕೆಯ ಮೇಲೆ ಬಿಳಿ ಎಳೆಗಳು, ಕಂಕುಳ ತುಂಬ ಹಳದಿ. ನಿಂಬೆಹಣ್ಣಿನ ಹಳದಿ.

"ಅಂಟಣ್ಣ, ಇದೇನು ಹಳದಿ?"

"ನಿಮ್ಮ ಮಾವನೇ ಕಳಿಸಿದ್ದಲ್ವಾ? ಬಿಳಿ ಲಡಿ ಮುಗೀತು, ಈ ಲಡಿ ತಗೊಂಡೆ. ಕಪ್ಪಿನ ಮೇಲೆ ಬಿಳಿಗಿಂತ ಎದ್ದು ಕಾಣುತ್ತೆ, ನೋಡಿ."

ಕಣ್ಣಿಗೆ ಎದ್ದು ಕಾಣುತ್ತದೆ. ನಮ್ಮ ಕ್ಯಾಮೆರಾಕ್ಕೆ ಹಾಕುವ, ಚಿತ್ರ ಮೂಡುವ ಗಾಜಿನ ಫಲಕ ಹಳೆಯ ದಾಸ್ತಾನು. ಅದಕ್ಕೆ ಬಿಳಿ ಗೊತ್ತು, ನೀಲಿ ಗೊತ್ತು, ಹಳದಿಯನ್ನು ಕಪ್ಪು ಎಂದುಕೊಳ್ಳುತ್ತದೆ. ಅಂಟಿಸುವವರು ಫೋಟೋ ನೋಡುವುದಿಲ್ಲ. ಫೋಟೋದವರು ಮಾದರಿಯ ಹತ್ತಿರ ಹೋಗುವುದಿಲ್ಲ. ಚಿಕ್ಕ ಮಾದರಿಯ ಆ ದಿನದ ಮೇಲೆ ನಾನು ಮಹಡಿ ಇಳಿದಿರಲಿಲ್ಲ. ಅಲ್ಲಿಲ್ಲದ ನಡುಕವನ್ನು ಮೂವರೂ ಸೇರಿ ಒಂದು ತಿಂಗಳು ಓದಿದೆವು.

ಪಂಖ ಹಾಕಿಸಿ ಗಾಜಿನಾಚೆಯಿಂದ ನನ್ನ ಕಣ್ಣಲ್ಲೇ ನೋಡಿದೆ. ಹಳದಿ ಎಳೆಗಳು ಮಲಗಿದ್ದವು ಮಾವ. ತೊಟ್ಟಿಲ ಮಕ್ಕಳ ಹಾಗೆ. ದೊಡ್ಡೋರಿಗೆ ಹೇಳಿದರೆ, "ನಿನ್ನ ಕಣ್ಣನ್ನ ಫೈಲಿಗೆ ಅಂಟಿಸೋಕಾಗುತ್ತಾ? ಫೋಟೋ ತೋರಿಸು" ಅಂದರು. ಜೂನ್ ಹದಿನೈದರ ವಾರ ಸುರಂಗ ಮತ್ತೆ ನಮಗೆ ಸಿಗುತ್ತದೆ. ಆ ತನಕ ಪಕ್ಕದವರದ್ದು ಕಾಯುತ್ತದೆ.

ನಾನು ಕುಣಿಯಬೇಕಿತ್ತು. ಲಡಿಯ ಉಳಿದ ತುಂಡನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಲ್ಲಿನ ಬಿಳಿಯನ್ನೂ ಚಿಪ್ಪಿನ ಬಿಳಿಯನ್ನೂ ಕತ್ತಲಲ್ಲಿ ಬೇರೆ ಮಾಡುವವನು ನೀನು. ಕೋಣೆಗೆ ಬಂದು ನಿನ್ನ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ದೀಪದ ಉಂಗುರ. ಏಳದ ಮಂಜು. ಏರುವ ಸಾಲು. ಮೆಟ್ಟಿಲು. ಕವಿತೆ ಎಂದು ನಕ್ಕಿದ್ದೆನಲ್ಲ.

ಮಾವ, ನಿನಗೆ ಎಷ್ಟು ಕಾಣುತ್ತದೆ? ನಿಜ ಹೇಳು.


೨೯ ಮೇ ೧೯೫೩

ಗಿರಿಗಿಟ್ಲೆಗೆ ಆಶೀರ್ವಾದ.

ಹೇಳುತ್ತಿರುವವನು ನಾನು, ಬರೆಯುತ್ತಿರುವವನು ದರ್ಜಿ. ಆದ್ದರಿಂದ ಅಕ್ಷರ ಕೆಟ್ಟದಾಗಿದ್ದರೆ ನನ್ನನ್ನು ಬೈಯಬೇಡ. (ಅಕ್ಷರ ಚೆನ್ನಾಗಿದೆ ಮಗಳೇ, ನೀನೇ ನೋಡು. ದರ್ಜಿ.)

ಎರಡೂ ಕಣ್ಣಿಗೆ ಪೊರೆ. ಎಷ್ಟು ಕಾಣುತ್ತದೆ ಎಂದರೆ, ಬೆಳಕು ಬಂದದ್ದು ಗೊತ್ತಾಗುತ್ತದೆ, ಬೆಳಕು ಹೋದದ್ದು ಗೊತ್ತಾಗುತ್ತದೆ, ನಡುವಿನದನ್ನು ನಾನೇ ತುಂಬಿಕೊಳ್ಳುತ್ತೇನೆ. ಬೀದಿ, ಅಂಗಡಿ, ಮುಖ ಎಲ್ಲ ಮೊದಲೇ ನೋಡಿಟ್ಟಿರುವುದರಿಂದ ದಾಸ್ತಾನಿಗೆ ಕೊರತೆಯಿಲ್ಲ. ನಿನ್ನ ಪತ್ರಗಳನ್ನು ಮೊದಲಿಂದಲೂ ಇವನೇ ಓದುವುದು. (ಗಟ್ಟಿಯಾಗಿ ಓದು ಅಂತ ದರ್ಪ ಬೇರೆ.)

ಡಾಕ್ಟರು ಹೇಳಿದ್ದು: ಪೊರೆ ಬಲಿತಿದೆ, ಕತ್ತರಿಸಿ ತೆಗೆಯಬೇಕು, ಇನ್ನೂ ಬಿಟ್ಟರೆ ಒಳಗೇ ಕೆಟ್ಟು ಕಣ್ಣೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ಜೂನ್ ಹದಿನೈದರ ವಾರ, ಬಿಟ್ಟರೆ ವರ್ಷದ ಕೊನೆಗೆ. ವರ್ಷದ ಕೊನೆಗೇ ಇಡಿ ಎಂದಿದ್ದೇನೆ. ನಿನ್ನ ಬಾಗು ಮೊದಲು, ನನ್ನ ಕಣ್ಣು ಆಮೇಲೆ. ನೀನೇನೂ ಓಡಿಬರಬೇಕಾಗಿಲ್ಲ. ನಿಂಬೆ ಹಳದಿಯನ್ನು ಹಾಲು ಎಂದು ಕಳಿಸಿದ ಅಂಗಡಿಯವನಿಗೆ ಇಷ್ಟಾದರೂ ದಂಡ ಬೇಡವೇ?

(ಅವನು ನೀರು ಕುಡಿಯಲು ಒಳಗೆ ಹೋಗಿದ್ದಾನೆ. ಮಗಳೇ, ದಂಡವೂ ಇಲ್ಲ ಮಣ್ಣೂ ಇಲ್ಲ. ಹೆದರಿದ್ದಾನೆ. ಎರಡೂ ಕಣ್ಣು ಕಟ್ಟಿ, ತಲೆ ಅಲುಗದ ಹಾಗೆ ಆಚೆ ಈಚೆ ಮರಳಿನ ಚೀಲ ಇಟ್ಟು ಮಲಗಿಸುತ್ತಾರಂತೆ. "ಆ ಕತ್ತಲಲ್ಲಿ ಯಾರ ಜೊತೆ ಮಾತಾಡಲೋ" ಅಂದ. ಮಾತೇ ಅವನ ಬಂಡವಾಳ. ಬಂದ, ನಿಲ್ಲಿಸುತ್ತೇನೆ.)

ಮಾವ


೫ ಜೂನ್ ೧೯೫೩

ಮಾವ,

ಹದಿನಾಲ್ಕಕ್ಕೆ ಅಲ್ಲಿರುತ್ತೇನೆ. ಎಳೆಗಳನ್ನು ಅಂಟಣ್ಣ ಅಂಟಿಸುತ್ತಾರೆ, ಎಲ್ಲವೂ ಬಿಳಿ, ನಾನೇ ಆರಿಸಿ ಕೊಟ್ಟಿದ್ದೇನೆ. ಫೋಟೋ ತೆಗೆದು ಟಪಾಲಿಗೆ ಹಾಕುತ್ತಾರೆ. ನಾನು ಇಲ್ಲಿ ಕೂತಿದ್ದರೂ ಗಾಳಿ ನನ್ನ ಮುಖ ನೋಡಿ ಮಲಗುವುದಿಲ್ಲ.

ನೀನು ಆಸ್ಪತ್ರೆಗೆ ಬರಲ್ಲ ಎಂದರೆ ಬೇಡ, ಬಲವಂತವಿಲ್ಲ. ಇನ್ನು ಮುಂದೆ ಉಣ್ಣೆಯನ್ನು ನಿನ್ನ ಬೀದಿಯ ಕೊನೆಯ ಹೊಸ ಅಂಗಡಿಯವನ ಹತ್ತಿರ ತೆಗೆದುಕೊಳ್ಳುತ್ತೇನೆ. ಅವನಿಗೆ ಬಿಳಿಯೆಲ್ಲ ಒಂದೇ, ಆದರೆ ಕಣ್ಣು ಚೆನ್ನಾಗಿದೆ.

ಗಿರಿಗಿಟ್ಲೆ


೧೪ ಸೆಪ್ಟೆಂಬರ್ ೧೯೫೩

ಗಿರಿಗಿಟ್ಲೆಗೆ ಮಾವನ ಆಶೀರ್ವಾದ.

ಇದು ನನ್ನ ಕೈಬರಹ. ಸಾಲು ನೆಟ್ಟಗಿದೆಯೇ ನೋಡು. ದರ್ಜಿ ಪಕ್ಕದಲ್ಲಿ ಕೂತು ಮೂಗು ತೂರಿಸುತ್ತಿದ್ದಾನೆ, ಅವನಿಗೆ ಕೆಲಸ ಹೋಯಿತು.

ಕನ್ನಡಕ ಮೊನ್ನೆ ಬಂತು. ಶೀಸೆಯ ತಳ ಕತ್ತರಿಸಿ ಮೂಗಿನ ಮೇಲೆ ಕೂರಿಸಿದ ಹಾಗಿದೆ. ಒಂದು ಕಣ್ಣು ಗೆದ್ದೆವು, ಇನ್ನೊಂದು ಬರುವ ವರ್ಷಕ್ಕೆ. ಹಾಕಿಕೊಂಡ ಕೂಡಲೇ ಅಂಗಡಿಯ ಒಳಬೀರುವಿನ ಬಾಗಿಲು ತೆಗೆದೆ. ನೀಲಿ ಅನ್ನುವುದು ಇಷ್ಟೊಂದು ಇತ್ತೇ? ಬಿಳಿಯಲ್ಲೂ ನೀಲಿ, ನೆರಳಲ್ಲೂ ನೀಲಿ, ದರ್ಜಿಯ ಗಡ್ಡದಲ್ಲೂ ನೀಲಿ. ಬೀದಿ ದೀಪದ ಉಂಗುರ ಹೋಗಿದೆ. ಸೈಕಲ್ ಸೈಕಲ್ಲಿನ ಹಾಗೇ ಬರುತ್ತದೆ. ಸ್ವಲ್ಪ ನಷ್ಟವೇ, ಸುಳ್ಳು ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ನಿನಗೆ ಹೇಳಲಾಗದ ಒಂದು ಮಾತಿದೆ. ಕಣ್ಣು ಕಟ್ಟಿ ಮಲಗಿಸಿದ ಮೊದಲ ದಿನಗಳಲ್ಲಿ ನನ್ನ ದಾಸ್ತಾನು ಮುಗಿದುಹೋಯಿತು. ಬೀದಿ ನೆನೆಸಿಕೊಂಡೆ, ಅಂಗಡಿ ನೆನೆಸಿಕೊಂಡೆ, ನಿನ್ನ ಅಮ್ಮನ ಮುಖ ನೆನೆಸಿಕೊಂಡೆ, ಅಕ್ಕನ ಮುಖದಲ್ಲಿ ಮೂಗು ಎಲ್ಲಿತ್ತೆಂಬುದೇ ಮರೆತಿತ್ತು. ಎದ್ದು ಪಟ್ಟಿ ಕಿತ್ತುಬಿಡೋಣ ಎಂದು ಕೈ ಮೇಲೆ ಹೋಗಿತ್ತು. ಆಗ ನೀನು ಒಳಗೆ ಬಂದೆ. ಟಪಾಲು ಬಂತು ಅಂದೆ. ಲಕೋಟೆ ಹರಿದ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸೋತಿತು ಅಂದುಕೊಂಡೆ. ಆಮೇಲೆ ನೀನು ಫೋಟೋ ಓದತೊಡಗಿದೆ. ತುದಿಯ ಸಾಲಿನಿಂದ ಶುರುಮಾಡಿದೆ. ಈ ಎಳೆ ಮಲಗಿದೆ ಮಾವ, ಇದರ ಪಕ್ಕದ್ದೂ ಮಲಗಿದೆ, ಇದು ಒಂಚೂರು ಎಡಕ್ಕೆ ಹೊರಳಿದೆ, ಇದು ಮಲಗಿದೆ. ಒಂದನ್ನೂ ಬಿಡದೆ, ಮೆಲ್ಲಗೆ, ಮಗು ಮಲಗಿಸುವವರ ದನಿಯಲ್ಲಿ. ನನ್ನ ಕೈ ಯಾವಾಗ ಕೆಳಗಿಳಿಯಿತೋ ಗೊತ್ತಿಲ್ಲ. ನೀನು ಕಂಕುಳ ತನಕ ಬರುವಷ್ಟರಲ್ಲಿ ನಾನೇ ರೆಕ್ಕೆಯ ಮೇಲಿದ್ದೆ. ಗಾಳಿ ನನ್ನ ಮೇಲಿಂದ ಹೋಗುತ್ತಿತ್ತು. ಎಲ್ಲೆಲ್ಲೂ ಬಿಳಿ.

"ಕಂಕುಳಲ್ಲಿ?" ಎಂದು ನಾನು ಕೇಳಿದೆ, ನೆನಪಿದೆಯೇ? "ಮಲಗಿವೆ" ಅಂದೆ ನೀನು. ತುಸು ಬಿಟ್ಟು, "ಮೂಲೆಯಲ್ಲಿ ನಾಲ್ಕೈದು ನಿಜವಾಗಿ ನಡುಗುತ್ತಿವೆ" ಅಂದೆ. ಮುಚ್ಚಿಡಬಹುದಿತ್ತು, ನನಗೆ ಕಾಣುತ್ತಿರಲಿಲ್ಲ. ಮುಚ್ಚಿಡಲಿಲ್ಲ. ಆವತ್ತು ನಾನು ಚೆನ್ನಾಗಿ ನಿದ್ದೆ ಮಾಡಿದೆ.

ದೊಡ್ಡೋರು ಬಾಗನ್ನು ಇಟ್ಟುಕೊಂಡರು, ಆ ಮೂಲೆ ಸರಿಮಾಡಲು ನಿನಗೆ ಇನ್ನೊಂದು ವರ್ಷ ಕೊಟ್ಟರು ಎಂಬ ನಿನ್ನ ಪತ್ರವನ್ನು ನಾನೇ ಓದಿದೆ. ಮೂರು ಸಲ. ಗಟ್ಟಿಯಾಗಿ. ನಾಲ್ಕು ಜನ ಕೇಳಿದರು.

ಹೊಸ ಲಡಿಗಳು ಇದರ ಜೊತೆ ಇವೆ. ಬಾಗಿಲಿಗೆ ಬಂದು ಬಿಸಿಲಲ್ಲಿ ನಿಂತು ಆರಿಸಿದ್ದೇನೆ, ಅಚ್ಚ ಬಿಳಿ. ನಡುವೆ ಒಂದು ಎಳೆ ನಿಂಬೆ ಹಳದಿ ಸುತ್ತಿದೆ, ಗಾಬರಿಯಾಗಬೇಡ, ಈ ಸಲ ಕಂಡೇ ಇಟ್ಟದ್ದು. ಅಂಟಣ್ಣನವರಿಗೆ ಹೇಳಿ ಕಂಕುಳಲ್ಲಿ ಎಲ್ಲಾದರೂ ಒಂದು ಕಡೆ ಅಂಟಿಸು. ಫೋಟೋಗೆ ಬೀಳುವುದಿಲ್ಲ, ದೊಡ್ಡೋರಿಗೆ ತಿಳಿಯುವುದಿಲ್ಲ. ನೀನು ಮಹಡಿ ಇಳಿದು ಹೋದರೆ ಮಾತ್ರ ಕಾಣುತ್ತದೆ.

ಆಗಾಗ ಇಳಿದು ಹೋಗು.

ನಿನ್ನ ಮಾವ